ಗುಂಪು ಚಟುವಟಿಕೆ ಅಂದ್ರೆ ಇಬ್ಬರು ಮಾಡ್ತಾರೆ, ಉಳಿದವರು ನೋಡ್ತಾರೆ. ಏನು ಮಾಡೋದು?

ಪ್ರಶ್ನೆ (ವಿಜ್ಞಾನ ಶಿಕ್ಷಕಿ):
ತರಗತಿಯಲ್ಲಿ 36 ಮಕ್ಕಳು, 40 ನಿಮಿಷದ ಪೀರಿಯಡ್. ಆರಾರು ಜನರ ಗುಂಪು ಮಾಡಿ ಚಾರ್ಟ್ ಕೊಟ್ಟರೆ ಒಬ್ಬಳು ಬರೀತಾಳೆ, ಇನ್ನೊಬ್ಬ ಬಣ್ಣ ಹಚ್ತಾನೆ, ನಾಲ್ವರು ಸುಮ್ಮನೆ ಕೂತಿರ್ತಾರೆ. ಮುಂದಿನ ಪಾಠ ಲೋಲಕ, ಅಂದ್ರೆ ದಾರದ ತುದಿಗೆ ತೂಕ ಕಟ್ಟಿ ತೂಗಾಡಿಸೋದು. ಮಕ್ಕಳು ಕೂಡಿ ಕೆಲಸ ಮಾಡಬೇಕು, ಮಾತಾಡಬೇಕು, ಯೋಚಿಸಬೇಕು. ಅಂಕ ಹೇಗೆ ಕೊಡೋದು ಅಂತಲೂ ತಿಳಿಸಿ.

ಉತ್ತರ 1 (ಭೌತಶಾಸ್ತ್ರ ಮೇಷ್ಟ್ರು):
ಮೇಡಂ, ತಪ್ಪು ಮಕ್ಕಳದ್ದಲ್ಲ, ಕೆಲಸದ್ದು. ಒಬ್ಬರೇ ಮುಗಿಸಬಹುದಾದ ಕೆಲಸವನ್ನು ಆರು ಜನಕ್ಕೆ ಕೊಟ್ಟರೆ ಒಬ್ಬರೇ ಮುಗಿಸ್ತಾರೆ. ಪ್ರತಿ ಮಗುವಿನ ಕೈಲೂ ಬೇರೆಯವರ ಹತ್ತಿರ ಇಲ್ಲದ ಒಂದು ತುಣುಕು ಇರಬೇಕು. 1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ರೂಪಿಸಿದ ಜಿಗ್ಸಾ ವಿಧಾನದ ತಿರುಳು ಇದೇ.

ಲೋಲಕಕ್ಕೆ ಚೆನ್ನಾಗಿ ಹೊಂದುತ್ತೆ. ಮೂವರಂತೆ 12 ಮೂಲ ಗುಂಪು ಮಾಡಿ. ಲೋಲಕ ಒಮ್ಮೆ ಹೋಗಿ ಬರೋ ಸಮಯ ಯಾವುದರಿಂದ ಬದಲಾಗುತ್ತೆ ಅನ್ನೋದು ಪ್ರಶ್ನೆ. ಒಬ್ಬರಿಗೆ ದಾರದ ಉದ್ದ, ಇನ್ನೊಬ್ಬರಿಗೆ ತೂಕ, ಮತ್ತೊಬ್ಬರಿಗೆ ಎಷ್ಟು ದೂರ ಎಳೆದು ಬಿಡಬೇಕು ಅನ್ನೋದು. ಮೊದಲ 3 ನಿಮಿಷ ಯಾರೂ ಮಾತಾಡದೆ ತಮ್ಮ ಊಹೆ ಬರೆಯಲಿ. ಇದನ್ನು ಬಿಟ್ಟರೆ ಜೋರು ದನಿಯವರ ಊಹೆಯೇ ಎಲ್ಲರದ್ದೂ ಆಗಿಬಿಡುತ್ತೆ. ಆಮೇಲೆ ಒಂದೇ ವಿಷಯದವರು ಮೂವರು ಮೂವರಾಗಿ ಸೇರಿ 15 ನಿಮಿಷ ಪ್ರಯೋಗ ಮಾಡಲಿ. ನಂತರ ಮೂಲ ಗುಂಪಿಗೆ ಮರಳಿ, ತಲಾ 4 ನಿಮಿಷ ವಿವರಿಸಲಿ. ಉಳಿದ 10 ನಿಮಿಷ ನಿಮ್ಮದು.

ಎಡವೋದು ಎಲ್ಲಿ ಅಂದ್ರೆ, ತೂಕದ ಗುಂಪಿನವರು ತೂಕಕ್ಕೆ ಅಂತ ಕೊಟ್ಟ ಕಬ್ಬಿಣದ ನಟ್‌ಗಳಲ್ಲಿ ಒಂದರ ಕೆಳಗೆ ಇನ್ನೊಂದನ್ನು ಕಟ್ಟಿ ನೇತುಹಾಕ್ತಾರೆ. ಆಗ ತೂಕದ ಜೊತೆ ಲೋಲಕದ ಉದ್ದವೂ ಬೆಳೆಯುತ್ತೆ, ಸಮಯ ಹೆಚ್ಚಾಗುತ್ತೆ, 'ತೂಕ ಮುಖ್ಯ' ಅಂತ ತಪ್ಪಾಗಿ ಬರ್ಕೊಂಡು ಬರ್ತಾರೆ. ತಕ್ಷಣ ತಿದ್ದಬೇಡಿ. ಪಕ್ಕದ ಗುಂಪಿನ ಫಲಿತಾಂಶವನ್ನು ಜೊತೆಗಿಟ್ಟು, 'ಇಬ್ಬರೂ ಸರಿ ಇರೋಕೆ ಆಗುತ್ತಾ?' ಅಂತ ಕೇಳಿ. ವಿಮರ್ಶಾತ್ಮಕ ಚಿಂತನೆ ಹುಟ್ಟೋ ಜಾಗ ಅದು. ಆದರೆ ತಪ್ಪು ಇತ್ಯರ್ಥ ಆಗದೆ ಯಾರೂ ಮೂಲ ಗುಂಪಿಗೆ ಮರಳಬಾರದು. ಮರಳಿದರೆ ತಪ್ಪನ್ನೇ ಕಲಿಸ್ತಾರೆ.

ಉತ್ತರ 2 (ಶಿಕ್ಷಕರ ತರಬೇತುದಾರರು):
ಮೇಷ್ಟ್ರು ಹೇಳಿದ್ದು ಸರಿ. ಅಂಕದ ಬಗ್ಗೆ ಒಂದು ಮಾತು. ಚಾರ್ಟಿನ ಅಂದಕ್ಕೆ ಅಂಕ ಕೊಡಬೇಡಿ, ಅದು ಸೃಜನಶೀಲತೆ ಅಲ್ಲ. 'ಸರಿಯಾಗಿ 2 ಸೆಕೆಂಡಿಗೆ ಒಮ್ಮೆ ಹೋಗಿ ಬರುವ ಲೋಲಕ ಮಾಡಿ' ಅಂತ ಕೊಡಿ, ಹೇಗೆ ಅಂತ ಹೇಳಬೇಡಿ. ಉತ್ತರ ಸುಮಾರು 1 ಮೀಟರ್ ಉದ್ದ, ಅದನ್ನು ಅವರೇ ಕಂಡುಕೊಳ್ಳಲಿ. 10ರಲ್ಲಿ 4 ಅಂಕ ಗುಂಪಿಗೆ, 6 ಅಂಕ ಪ್ರತಿಯೊಬ್ಬರೂ ಒಂಟಿಯಾಗಿ ಬರೆದ ಚೀಟಿಗೆ. ಚೀಟಿಯ ಪ್ರಶ್ನೆ ಅವರು ಪ್ರಯೋಗ ಮಾಡದ ಭಾಗದ್ದೇ ಆಗಿರಲಿ, ಆಗ ಗೆಳೆಯನ ಮಾತನ್ನು ಕಿವಿಗೊಟ್ಟು ಕೇಳಲೇಬೇಕಾಗುತ್ತೆ.

ಕೊನೆಗೆ ಗುಂಪಿನ ಪರವಾಗಿ ಇಡೀ ತರಗತಿಗೆ ವಿವರಿಸೋರನ್ನು ಕೊನೇ ಗಳಿಗೆಯಲ್ಲಿ ಚೀಟಿ ಎತ್ತಿ ಆರಿಸಿ. ಮೊದಲೇ ಹೆಸರು ಹೇಳಿದರೆ ಉಳಿದಿಬ್ಬರು ಕೈಕಟ್ಟಿ ಕೂರ್ತಾರೆ. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ 3 ಸೆಕೆಂಡ್ ಸುಮ್ಮನಿರಿ. ಆ ಮೌನ ತುಂಬಾ ಉದ್ದ ಅನ್ನಿಸುತ್ತೆ, ಆದರೂ ತುಂಬಬೇಡಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಅಧ್ಯಯನದಲ್ಲಿ, ಶಿಕ್ಷಕರು ಅಷ್ಟು ಕಾದಾಗ ಮಕ್ಕಳ ಉತ್ತರ ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು.

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯ್ತು. ಆದರೆ ಸ್ಟಾಪ್‌ವಾಚ್ ಒಂದೇ ಇದೆ, 12 ಗುಂಪಿಗೆ ಹೇಗೆ?

ಉತ್ತರ 1:
ಅಳೆಯೋದನ್ನೇ ತಿರುಗಿಸಿ ಮೇಡಂ. ನೀವು 'ಶುರು' ಅನ್ನಿ, 30 ಸೆಕೆಂಡಿಗೆ 'ನಿಲ್ಲಿಸಿ' ಅನ್ನಿ. ಎಲ್ಲ ಗುಂಪಿನವರೂ ಆಂದೋಲನ ಎಣಿಸಲಿ. 25 ಸೆಂ.ಮೀ. ದಾರಕ್ಕೆ ಸುಮಾರು 30, 1 ಮೀಟರಿಗೆ ಸುಮಾರು 15 ಬರುತ್ತೆ. ಉದ್ದವನ್ನು ನಟ್‌ನ ನಡುವಿನ ತನಕ ಅಳೆಯಲಿ, ಗಂಟಿನ ತನಕ ಅಲ್ಲ. ಬಿಟ್ಟ ಕ್ಷಣಕ್ಕೆ 'ಒಂದು' ಅನ್ನಬಾರದು, 'ಸೊನ್ನೆ' ಅನ್ನಬೇಕು. ಒಂದು ಕಡೆ ಹೋಗಿ ವಾಪಸ್ ಬಂದಾಗಲೇ ಒಂದು.