ಹಳೇ ಓಮ್ನಿ ಬಿಸಿಯಾದ ಮೇಲೆ ಜರ್ಕ್ ಹೊಡೆಯುತ್ತಿದೆ, ಮ್ಯಾಪ್ ಸೆನ್ಸರ್ ಬದಲಿಸಬೇಕಾ?

ಆಲ್ದೂರಿನಿಂದ

ನಮಸ್ಕಾರ. ನನ್ನದು 2010ರ ಓಮ್ನಿ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಅಲ್ಲ, ಪೆಟ್ರೋಲ್ ಇಂಜೆಕ್ಷನ್), 796 ಸಿಸಿ. ಬರೀ ಪೆಟ್ರೋಲ್, ಗ್ಯಾಸ್ ಕಿಟ್ ಇಲ್ಲ.

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಹತ್ತು ಕಿಲೋಮೀಟರ್ ಓಡಿ ಬಿಸಿಯಾಯಿತು ಅಂದರೆ ಕಾಟ ಶುರು. ನಿಂತಲ್ಲಿ ಐಡ್ಲಿಂಗ್ ಮೇಲೆ ಕೆಳಗೆ ಆಗುತ್ತದೆ. ಕ್ಲಚ್ ಒತ್ತಿದರೆ ಒಂದೊಂದು ಸಲ ಆಫ್. ಏರಿನಲ್ಲಿ ರೇಸ್ ಕೊಟ್ಟರೆ ಬಿಕ್ಕಳಿಕೆ ಬಂದ ಹಾಗೆ ಜರ್ಕ್. ಲೀಟರಿಗೆ 14 ಕೊಡುತ್ತಿದ್ದದ್ದು 10ಕ್ಕೆ ಇಳಿದಿದೆ. ಸೈಲೆನ್ಸರ್ ಬಾಯಿಗೆ ಬೆರಳಿಟ್ಟರೆ ಮಸಿ.

ಪ್ಲಗ್ ಬದಲಿಸಿದೆ, ಪೆಟ್ರೋಲ್ ಫಿಲ್ಟರ್ ಬದಲಿಸಿದೆ, ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದೆ. ಏನೂ ಪ್ರಯೋಜನ ಇಲ್ಲ. ನಿನ್ನೆ ಚಿಕ್ಕಮಗಳೂರಿನ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿಸಿದೆ. ಚೆಕ್ ಲೈಟ್ ಉರಿಯುತ್ತಿಲ್ಲ, ತೊಂದರೆ ತೋರಿಸುವ ಕೋಡೂ ಇಲ್ಲ. ಆದರೆ ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ನೋಡಿದಾಗ ಮ್ಯಾಪ್ ಸೆನ್ಸರ್ (ಇಂಜಿನ್ ಒಳಗೆ ಎಳೆಯುವ ಗಾಳಿಯ ಒತ್ತಡ ಅಳೆಯುವುದು) 89 ತೋರಿಸಿತು. "100 ಇರಬೇಕಿತ್ತು, ಸೆನ್ಸರ್ ಹೋಗಿದೆ" ಅಂದರು. ತಗೊಳ್ಳಲಾ?

ಹಾಸನದಿಂದ

ಸ್ವಲ್ಪ ತಡೀರಿ ಅಣ್ಣ, ಈಗಲೇ ದುಡ್ಡು ಕೊಡಬೇಡಿ.

100 ಅನ್ನೋದು ಮಂಗಳೂರಿನ ಲೆಕ್ಕ. ಇಂಜಿನ್ ಓಡದೆ ಇದ್ದಾಗ ಆ ಸೆನ್ಸರ್ ತೋರಿಸೋದು ಸುತ್ತಲಿನ ಗಾಳಿಯ ಒತ್ತಡ, ಅಷ್ಟೇ. ಸಮುದ್ರದ ಪಕ್ಕದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಚಿಕ್ಕಮಗಳೂರು ಇರೋದು ಸಾವಿರ ಮೀಟರಿಗಿಂತ ಮೇಲೆ. ಅಲ್ಲಿ 89, 90 ಬಂದರೆ ಸೆನ್ಸರ್ ಸರಿಯಾಗೇ ಹೇಳುತ್ತಿದೆ ಅಂತ ಅರ್ಥ. 100 ತೋರಿಸಿದ್ದರೆ ನಾನು ಅನುಮಾನ ಪಡುತ್ತಿದ್ದೆ.

ನನಗೆ ಬೇಕಾದ್ದು ಇನ್ನೊಂದು ನಂಬರ್. ಬಿಸಿಯಾದ ಮೇಲೆ, ಐಡ್ಲಿಂಗಿನಲ್ಲಿ ಎಷ್ಟು? 30ರಿಂದ 40ರ ಒಳಗೆ ನಿಲ್ಲಬೇಕು. ಎಸಿ, ಲೈಟ್ ಎಲ್ಲ ಆಫ್ ಮಾಡಿ ನೋಡಿ.

ಬೇಲೂರಿನಿಂದ

ನಮ್ಮ ಗಾಡಿಯಲ್ಲಿ ಇದೇ ತರ ಆಗಿತ್ತು, ಕೂಲೆಂಟ್ ಟೆಂಪರೇಚರ್ ಸೆನ್ಸರ್ ತೊಂದರೆ. ಇಂಜಿನ್ ಬಿಸಿಯಾಗಿದ್ದರೂ ತಣ್ಣಗಿದೆ ಅಂತ ಹೇಳಿ ಸುಮ್ನೆ ಪೆಟ್ರೋಲ್ ಸುರಿಸುತ್ತಿತ್ತು. ಅದನ್ನೂ ನೋಡಿ.

ಆಲ್ದೂರಿನಿಂದ

ಮತ್ತೆ ಹೋಗಿ ನೋಡಿಸಿದೆ. ಟೆಂಪರೇಚರ್ 88 ಡಿಗ್ರಿ, ಸರಿ ಇದೆ. ಮ್ಯಾಪ್ ತಣ್ಣಗಿದ್ದಾಗ 35. ಬಿಸಿಯಾದ ಮೇಲೆ 52, 46, 55 ಅಂತ ಕುಣಿಯುತ್ತಿದೆ.

ಹಾಸನದಿಂದ

ಸಿಕ್ಕಿತು ಅನ್ನಿಸುತ್ತೆ. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ (ಇಂಜಿನ್ನಿಗೆ ಗಾಳಿ ಹೋಗುವ ದಾರಿ) ಮ್ಯಾಪ್ ಸೆನ್ಸರಿಗೆ ಹೋಗುವ ಸಣ್ಣ ರಬ್ಬರ್ ಪೈಪ್ ನೋಡಿ. ಅದು ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ಸೇರಿ ಒತ್ತಡ ಜಾಸ್ತಿ ತೋರಿಸುತ್ತದೆ. ಇಸಿಎಂ, ಅಂದರೆ ಇಂಜಿನ್ ಕಂಪ್ಯೂಟರ್, ಏನು ತಿಳ್ಕೊಳ್ಳುತ್ತೆ ಹೇಳಿ? ಗಾಡಿ ಲೋಡ್ ಎಳೆಯುತ್ತಿದೆ ಅಂತ. ಪಾಪ, ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಮಸಿ, ಮೈಲೇಜ್, ಆಫ್ ಆಗೋದು, ಎಲ್ಲ ಅಲ್ಲಿಂದಲೇ. ರಬ್ಬರ್ ಬಿಸಿಗೆ ಮೆತ್ತಗಾದಾಗ ಬಿರುಕು ಬಾಯಿ ಬಿಡುತ್ತದೆ, ಬೆಳಿಗ್ಗೆ ತೊಂದರೆ ಇಲ್ಲದೆ ಇರೋದು ಅದಕ್ಕೇ ಇರಬೇಕು. ಕೋಡ್ ಬರಲ್ಲ, ಯಾಕಂದರೆ 52 ಅನ್ನೋದು ನಂಬಬಹುದಾದ ನಂಬರ್. ತಪ್ಪು ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ ಅಲ್ವಾ?

ಸೀಟ್ ಎತ್ತಿ, ಇಂಜಿನ್ ಐಡ್ಲಿಂಗಿನಲ್ಲಿ ಬಿಡಿ. ಒಂದು ಅಡಿ ಪೈಪ್ ತುಂಡು ತಗೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಆ ರಬ್ಬರ್ ಪೈಪಿನ ಉದ್ದಕ್ಕೂ ಹಿಡಿಯುತ್ತಾ ಹೋಗಿ. ಸೋರುವ ಜಾಗದಲ್ಲಿ ಸುಯ್ ಅಂತ ಕೇಳುತ್ತೆ. ಬೆಲ್ಟ್, ಫ್ಯಾನ್ ಹತ್ತಿರ ಕೈ, ಬಟ್ಟೆ ಬಿಡಬೇಡಿ. ಕೆಲವರು ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ, ಆ ಹುಚ್ಚು ಕೆಲಸ ಮಾತ್ರ ಬೇಡ.

ಆಲ್ದೂರಿನಿಂದ

ನೀವು ಹೇಳಿದ್ದೇ ಸರಿ ಮಾರಾಯ್ರೆ! ಮೇಲಿಂದ ನೋಡಿದರೆ ಪೈಪ್ ಚೆನ್ನಾಗೇ ಇತ್ತು. ತಿರುವಿನಲ್ಲಿ ಬೆರಳಿಟ್ಟು ಬಗ್ಗಿಸಿದಾಗ ಉಗುರು ಹೋಗುವಷ್ಟು ಬಿರುಕು ಕಾಣಿಸಿತು. ಪಕ್ಕದಲ್ಲೇ ಇಲಿ ಹಲ್ಲಿನ ಗುರುತೂ ಇದೆ. ಕಾಫಿ ಒಣಗಿಸುವ ಕಾಲದಲ್ಲಿ ಗಾಡಿ ಕಣದ ಶೆಡ್ಡಿನಲ್ಲೇ ನಿಲ್ಲುತ್ತದೆ, ಅದೇ ತಪ್ಪಾಯಿತು. ಹೊಸ ಪೈಪ್ ಹಾಕಿದೆ, ಟೀ ಬನ್ ಖರ್ಚೂ ಆಗಲಿಲ್ಲ. ಈಗ ಬಿಸಿಯಾದ ಮೇಲೂ 35, 36. ಐಡ್ಲಿಂಗ್ ಅಲುಗಾಡುತ್ತಿಲ್ಲ.

ಆದರೆ ಒಂದು ಬಾಕಿ ಇದೆ. ಮೊನ್ನೆ ಉಜಿರೆಯಿಂದ ಬರುವಾಗ ಚಾರ್ಮಾಡಿ ಹತ್ತುತ್ತಾ ಮಂಜಿನಲ್ಲಿ ಮತ್ತೆ ಜರ್ಕ್. ಕೊಟ್ಟಿಗೆಹಾರ ದಾಟಿ ಬಿಸಿಲು ಬಂದ ಮೇಲೆ ಇಲ್ಲ.

ಹಾಸನದಿಂದ

ಬಿಸಿಲಿಗೆ ಸರಿ ಹೋಯಿತು ಅಂದರೆ ಪ್ಲಗ್ ವೈರ್ ಮೇಲೆ ಅನುಮಾನ. ತೇವಕ್ಕೆ ಕರೆಂಟ್ ಲೀಕ್ ಆಗುತ್ತಿರಬಹುದು. ರಾತ್ರಿ ಲೈಟ್ ಆರಿಸಿ, ಸೀಟ್ ಎತ್ತಿ, ಸ್ಟಾರ್ಟ್ ಮಾಡಿ ವೈರ್ ಮೇಲೆ ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಸ್ವಲ್ಪವೇ ನೀರು ಹೊಡೆಯಿರಿ. ನೀಲಿ ಕಿಡಿ ಕಾಣಿಸಿದರೆ ಆ ವೈರ್ ಹೋಗಿದೆ. ದೂರದಿಂದ ನೋಡಿ. ಮುಟ್ಟಿದರೆ ಶಾಕ್ ಚೆನ್ನಾಗೇ ಹೊಡೆಯುತ್ತೆ, ನನಗೆ ಅನುಭವ ಇದೆ.

ಆಲ್ದೂರಿನಿಂದ

ಮಧ್ಯದ ಸಿಲಿಂಡರಿನ ವೈರ್. ಕ್ಯಾಪ್ ಹತ್ತಿರ ಚಿಟ್ ಚಿಟ್ ಅಂತ ಕಿಡಿ, ಮಗಳು ದೀಪಾವಳಿ ಬಂತು ಅಂದಳು. ಮೂರೂ ವೈರ್ ಒಟ್ಟಿಗೇ ಬದಲಿಸಿದೆ. ನಿನ್ನೆ ಮಳೆಯಲ್ಲೇ ಘಾಟಿ ಹತ್ತಿ ಬಂದೆ, ಒಂದೂ ಜರ್ಕ್ ಇಲ್ಲ. ಟ್ಯಾಂಕ್ ಫುಲ್ ಮಾಡಿಸಿ ಅಳೆದ ಮೈಲೇಜ್ 13.6.

ಗ್ಯಾರೇಜಿಗೆ ಹೋಗಿ 89ರ ವಿಷಯ ಹೇಳಿದೆ. "ಹೌದಾ?" ಅಂದವರು ಅಲ್ಲೇ ನಿಂತಿದ್ದ ಇನ್ನೊಂದು ಗಾಡಿಗೆ ಸ್ಕ್ಯಾನರ್ ಹಾಕಿದರು. ಅದರಲ್ಲೂ 89.