ಡಬ್ಬದ ಮೇಲಿನ ನಂಬರ್ ಬದಿಗಿಡು, ಪುಟ್ಟಾ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವ ವಿಷಯ ಅಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಗ್ರೂಪಿನಲ್ಲಿ ಮೀನಿನ ಹುಚ್ಚು ಇಲ್ಲದವರು ಸುಮ್ನೆ ದಾಟಿಕೊಂಡು ಹೋಗಿ. ಅಕ್ಕಾ, ನೀನು ಮಾತ್ರ ಕೇಳು. ನೆಲ ಒರೆಸಿದ ಕಥೆ ನಡುವೆ ಬರುತ್ತದೆ.

ಸರಿ, ನೀನು ಕೇಳಿದ್ದು ಇಷ್ಟು. ಮೀನಿನ ಟ್ಯಾಂಕ್ 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ತುಂಬಾ ಗಿಡ, ಗಿಡಗಳಿಗೆ ಸಿಓಟು (ಇಂಗಾಲದ ಡೈಆಕ್ಸೈಡ್) ಬಿಡುವ ಸಿಲಿಂಡರ್, ಒಂದಷ್ಟು ಸಣ್ಣ ಟೆಟ್ರಾ ಮೀನು, ಚೆರ್ರಿ ಸೀಗಡಿ. ಎರಡು ಕ್ಯಾನಿಸ್ಟರ್ ಫಿಲ್ಟರ್ ಫೋಟೋ ಹಾಕಿದ್ದೀಯ, ಅಂದರೆ ಟ್ಯಾಂಕಿನ ಕೆಳಗೆ ಕ್ಯಾಬಿನೆಟ್ಟಿನಲ್ಲಿ ಇಟ್ಟು ಟ್ಯೂಬಿನಲ್ಲಿ ನೀರು ಓಡಿಸುವ ಮುಚ್ಚಿದ ಡಬ್ಬ. ಒಂದು ಗಂಟೆಗೆ 1000 ಲೀಟರ್ ಅನ್ನುತ್ತದೆ. ಇನ್ನೊಂದು 1500 ಲೀಟರ್, ಒಳಗೆ ಯುವಿ ಲೈಟ್ ಬೇರೆ. ಯಾವುದು ತಗೊಳ್ಳಲಿ, ಜೊತೆಗೆ ಏನೇನು ಬೇಕು ಅಂತ ಅಲ್ವಾ?

ಮೊದಲು ಆ ನಂಬರ್. ಸಾಮಾನ್ಯವಾಗಿ ಅದು ಬರೀ ಪಂಪಿನ ಲೆಕ್ಕ. ಒಳಗೆ ಸ್ಪಾಂಜ್ ಇಲ್ಲ, ಸೆರಾಮಿಕ್ ರಿಂಗ್ ಇಲ್ಲ, ಕಸ ಅಂತೂ ಇಲ್ಲವೇ ಇಲ್ಲ. ಕೆಲವು ಕಂಪನಿಗಳು ಎರಡೂ ಲೆಕ್ಕ ಕೊಡುತ್ತವೆ. ಫ್ಲೂವಲ್ 307 ತಗೋ. ಪಂಪಿನ ಲೆಕ್ಕ 1150 ಲೀಟರ್, ಫಿಲ್ಟರ್ ದಾಟಿ ಬರುವ ನೀರು 780 ಲೀಟರ್. ಅದೂ ಮೀಡಿಯಾ, ಅಂದರೆ ಒಳಗೆ ತುಂಬುವ ಸ್ಪಾಂಜ್, ರಿಂಗ್ ಎಲ್ಲ, ಹೊಸದಾಗಿದ್ದಾಗ. ಎರಡು ತಿಂಗಳ ಕಸ ಸೇರಿದ ಮೇಲೆ ಇನ್ನೂ ಇಳಿಯುತ್ತದೆ.

ಇಲ್ಲಿ ಬಹಳ ಜನ ಒಂದು ತಪ್ಪು ತಿಳಿಯುತ್ತಾರೆ. ಫಿಲ್ಟರ್ ಕೆಳಗಿದೆ, ನೀರನ್ನು ಅಷ್ಟು ಎತ್ತರಕ್ಕೆ ತಳ್ಳಬೇಕು, ಅದಕ್ಕೇ ವೇಗ ಕಡಿಮೆ ಅಂತ. ಹಾಗಲ್ಲ. ಡಬ್ಬ ಮುಚ್ಚಿದ್ದು, ಟ್ಯೂಬ್ ಪೂರ್ತಿ ನೀರು ತುಂಬಿದ್ದು. ಇಳಿಯುವ ನೀರು ಏರುವ ನೀರಿಗೆ ತಕ್ಕಡಿಯ ಇನ್ನೊಂದು ತಟ್ಟೆ ಇದ್ದ ಹಾಗೆ. ಪಂಪಿನ ಬಲ ಹೋಗುವುದು ಸ್ಪಾಂಜಿನಲ್ಲಿ, ಟ್ಯೂಬಿನ ಬಾಗುಗಳಲ್ಲಿ, ಸಣ್ಣ ಬಾಯಿಯ ಪೈಪುಗಳಲ್ಲಿ. ಅದಕ್ಕೇ ಟ್ಯೂಬ್ ಎಷ್ಟು ಬೇಕೋ ಅಷ್ಟೇ ಉದ್ದ ಇರಲಿ, ಸುರುಳಿ ಬಿಡಬೇಡ.

ನಿನ್ನ ಟ್ಯಾಂಕ್ ಲೆಕ್ಕಕ್ಕೆ 182 ಲೀಟರ್. ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 150 ಲೀಟರ್ ಅಂತಿಟ್ಟುಕೋ. ಗಿಡದ ಟ್ಯಾಂಕಿಗೆ ಡಬ್ಬದ ಮೇಲಿನ ನಂಬರ್ ನೀರಿನ ಐದರಿಂದ ಹತ್ತು ಪಟ್ಟು ಇರಲಿ ಅನ್ನುವುದು ರೂಢಿ. 1000 ಕೂಡ ಆ ಲೆಕ್ಕದೊಳಗೇ ಬರುತ್ತದೆ. ಆದರೆ ನಿನ್ನದು ಸಿಓಟು ಟ್ಯಾಂಕ್, ಹಿಂದೆ ಮುಂದೆ ದಟ್ಟ ಗಿಡ. ನಾನಾಗಿದ್ದರೆ 1500ರ ಕಡೆಗೇ ಹೋಗುತ್ತಿದ್ದೆ. ಜಾಸ್ತಿಯಾದರೆ ನೀರು ಹೊರಗೆ ಹೋಗುವ ಕಡೆಯ ನಲ್ಲಿ ಸ್ವಲ್ಪ ತಿರುಗಿಸಿ ಕಡಿಮೆ ಮಾಡಬಹುದು. ಹೊರಗೆ ಹೋಗುವ ಕಡೆ ಮಾತ್ರ, ನೆನಪಿಡು. ಒಳಗೆ ಬರುವ ಕಡೆ ಕಟ್ಟಿದರೆ ಪಂಪಿಗೆ ನೀರು ಸಾಲದೆ ಗರಗರ ಅನ್ನುತ್ತದೆ, ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗುವ ಚಕ್ರ, ಬೇಗ ಸವೆಯುತ್ತದೆ.

ಗಿಡದ ಟ್ಯಾಂಕಿಗೆ ಇಷ್ಟು ಹರಿವು ಯಾಕೆ ಗೊತ್ತಾ? ಕೊಳೆ ತೆಗೆಯುವುದಕ್ಕಷ್ಟೇ ಅಲ್ಲ. ಸಿಓಟು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಎಲೆ ತನ್ನ ಸುತ್ತ ಇರುವುದನ್ನು ಹೀರಿ ಮುಗಿಸಿದ ಮೇಲೆ, ಹೊಸ ನೀರು ಬಂದು ತಾಗದಿದ್ದರೆ ಹಸಿದುಕೊಂಡೇ ಕೂರಬೇಕು. ಸಿಲಿಂಡರ್ ಎಷ್ಟು ಬಿಟ್ಟರೂ ಮೂಲೆಯ ಗಿಡಕ್ಕೆ ಮುಟ್ಟದಿದ್ದರೆ ಅಲ್ಲಿ ಪಾಚಿ ಶುರುವಾಗುತ್ತದೆ. ನಾನು ನಂಬರ್ ನೋಡುವುದಿಲ್ಲ, ಎಲೆ ನೋಡುತ್ತೇನೆ. ಫಿಲ್ಟರಿನ ಬಾಯಿಯಿಂದ ದೂರದ ಮೂಲೆಯಲ್ಲಿ ಕೆಳಗಿನ ಗಿಡ ಕೂಡ ಮೆಲ್ಲಗೆ ತೂಗಬೇಕು. ಬಗ್ಗಿ ಮಲಗಬಾರದು, ಕಲ್ಲಿನ ಹಾಗೆ ನಿಲ್ಲಲೂಬಾರದು. ನೀರಿನ ಸಿಓಟು ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ಕೂಡ ಆ ದೂರದ ಮೂಲೆಗೇ ಅಂಟಿಸು. ಅದರ ಬಣ್ಣ ಒಂದೆರಡು ಗಂಟೆ ತಡವಾಗಿ ಬದಲಾಗುತ್ತದೆ, ಗಾಬರಿಯಾಗಿ ಗ್ಯಾಸ್ ಏರಿಸಬೇಡ.

1500ರದ್ದು ತಗೊಂಡರೂ ಅದರ ಯುವಿ ನಿನಗೆ ಬೇಡ. ನೀರೇ ಹಸಿರಾಗುವ ರೋಗಕ್ಕೆ ಅದು ಒಳ್ಳೆಯ ಮದ್ದು, ತೇಲುವ ಪಾಚಿ ಸಾಯುತ್ತದೆ. ಎಲೆಗೆ, ಗಾಜಿಗೆ ಅಂಟಿದ ಪಾಚಿಗೆ ಅದರಿಂದ ಏನೂ ಆಗುವುದಿಲ್ಲ. ದಿನವಿಡೀ ಉರಿಸಿದರೆ ನೀನು ಹಾಕುವ ದ್ರವ ಗೊಬ್ಬರದ ಕಬ್ಬಿಣ ಕೂಡ ಕೆಡಬಹುದು.

ಈಗ ನನ್ನ ಮುಖ್ಯ ಮಾತು. ಎರಡು ಫಿಲ್ಟರುಗಳ ನಡುವೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೋ. ಇದನ್ನು ಬಿಚ್ಚಿ ತೊಳೆಯಲು ನನಗೆ ಬೇಸರ ಆಗುತ್ತದಾ? ಬೇಸರ ಆದರೆ ಅದನ್ನು ತಗೋಬೇಡ, ಎಷ್ಟೇ ಲೀಟರ್ ಇರಲಿ. ನನ್ನ ಮೊದಲ ಫಿಲ್ಟರ್ ಬಿಚ್ಚುವುದೇ ಒಂದು ಯುದ್ಧ. ಟ್ಯೂಬ್ ಎಳೆದು ತೆಗೆಯಬೇಕು, ನೀರು ಚೆಲ್ಲುತ್ತದೆ, ಕ್ಲಿಪ್ ಬೆರಳು ಕಚ್ಚುತ್ತದೆ. ಹಾಗಾಗಿ ನಾನು ಮುಂದೂಡುತ್ತಾ ಹೋದೆ. ಐದು ತಿಂಗಳ ನಂತರ ಒಂದು ರಾತ್ರಿ ಬಿಚ್ಚಿದೆ. ಅರ್ಧ ನಿದ್ದೆಯಲ್ಲಿ ಮುಚ್ಚುವಾಗ ಮುಚ್ಚಳದ ರಬ್ಬರ್ ಬಳೆ, ಆ ಓ-ರಿಂಗ್ ಮೇಲೆ ಒಂದೇ ಒಂದು ಮರಳಿನ ಕಣ ಕೂತಿದ್ದು ಕಾಣಲಿಲ್ಲ. ಬೆಳಗಾಗುವಷ್ಟರಲ್ಲಿ ತೊಟ್ಟು ತೊಟ್ಟಾಗಿ ಸೋರಿ ಕ್ಯಾಬಿನೆಟ್ಟಿನ ತಳ ಉಬ್ಬಿಹೋಗಿತ್ತು. ಮನೆಗೆ ಬಂದಿದ್ದ ನಿನ್ನ ಅಮ್ಮ ನನ್ನ ಜೊತೆ ಬಟ್ಟೆ ಹಿಡಿದು ಕೂತಿದ್ದಳು. ಅಕ್ಕಾ, ನಗಬೇಡ.

ಆದ್ದರಿಂದ ಎರಡೂ ಟ್ಯೂಬ್ ಒಟ್ಟಿಗೆ ಮುಚ್ಚಿ ಕಳಚುವ ಲಿವರ್ ಇರುವುದನ್ನೇ ನೋಡು. ಇಲ್ಲದಿದ್ದರೆ ಟ್ಯೂಬಿನ ನಡುವೆ ನೀರು ಕಟ್ಟಿ ಕಳಚುವ ಡಬಲ್ ಟ್ಯಾಪ್ ಬೇರೆ ತಗೊಂಡು ಹಾಕು. ಮೊದಲು ಕಸ ಹಿಡಿಯುವ ಸ್ಪಾಂಜ್, ಆ ಪ್ರಿಫಿಲ್ಟರ್ ಮಾತ್ರ ಮೇಲಿನಿಂದ ಎಳೆದು ತೊಳೆಯುವ ಮಾಡೆಲ್ಲುಗಳೂ ಇವೆ. ಓಸೆ ಬಯೋಮಾಸ್ಟರ್ ಹಾಗೆ. ವಾರಕ್ಕೊಮ್ಮೆ ಅದನ್ನು ಹಿಂಡಿದರೆ ಒಳಗಿನ ಬುಟ್ಟಿಗಳನ್ನು ತಿಂಗಳುಗಟ್ಟಲೆ ಮುಟ್ಟಬೇಕಾಗಿಲ್ಲ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚು. ವ್ಯಾಸಲೀನ್ ಬೇಡ, ರಬ್ಬರ್ ಹಾಳಾಗಬಹುದು. ತೊಳೆದು ಜೋಡಿಸಿದ ಮೇಲೆ ಕೆಳಗೊಂದು ಟ್ರೇ ಇಟ್ಟು ಒಂದು ಗಂಟೆ ನೋಡು, ಆಮೇಲೆ ಮಲಗು.

ಮೀಡಿಯಾ ವಿಷಯ ಬೇಗ ಹೇಳುತ್ತೇನೆ. ನೀರು ಮೊದಲು ಮುಟ್ಟುವ ಕಡೆ ದಪ್ಪ ಸ್ಪಾಂಜ್, ಆಮೇಲೆ ಸಣ್ಣ ಸ್ಪಾಂಜ್, ಆಮೇಲೆ ಸೆರಾಮಿಕ್ ರಿಂಗ್, ಕೊನೆಗೆ ತೆಳ್ಳಗೆ ಹತ್ತಿಯಂಥ ಪದರ. ಬಹಳಷ್ಟರಲ್ಲಿ ನೀರು ಬುಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ದಾಟುತ್ತದೆ, ಆದರೂ ಮ್ಯಾನ್ಯುವಲ್ ನೋಡು. ಕಾರ್ಬನ್ ಜೊತೆಗೆ ಬಂದಿದ್ದರೆ ಎತ್ತಿಡು, ಮೀನಿಗೆ ಔಷಧಿ ಹಾಕಿ ಮುಗಿದ ಮೇಲೆ ಅದನ್ನು ನೀರಿನಿಂದ ತೆಗೆಯಲು ಬೇಕಾಗುತ್ತದೆ. ರಿಂಗುಗಳನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆಯಲೇಬೇಡ. ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅಲ್ಲೇ ಮನೆ ಮಾಡಿಕೊಂಡಿರುತ್ತವೆ. ನೀರು ಬದಲಿಸಿದಾಗ ತೆಗೆದ ಟ್ಯಾಂಕಿನ ನೀರು ಒಂದು ಬಕೆಟ್ ಇಟ್ಟುಕೊಂಡು ಅದರಲ್ಲೇ ಅಲ್ಲಾಡಿಸು. ಹೊಸ ಫಿಲ್ಟರಿನಲ್ಲಿ ಆ ಬ್ಯಾಕ್ಟೀರಿಯಾ ಬೆಳೆದು ಅದು ಪಕ್ವವಾಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಸೀಗಡಿ ಬಿಡುವ ಆತುರ ಬೇಡ.

ನೀನು ಗಾಜಿನ ಲಿಲಿ ಪೈಪ್ ಬಗ್ಗೆಯೂ ಕೇಳಿದ್ದೆ, ಫಿಲ್ಟರಿನ ನೀರು ಟ್ಯಾಂಕಿಗೆ ಬರುವ ಹೂವಿನಾಕಾರದ ಬಾಯಿ. ನೋಡಲು ಅದರಷ್ಟು ಚಂದ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಪಾಚಿ ಕಟ್ಟಿದ ಗಾಜು ಬ್ರಷ್ ಹಾಕಿ ಉಜ್ಜುವಾಗ ಕೈಯಲ್ಲೇ ಮುರಿಯುತ್ತದೆ. ನಾನು ಎರಡು ಮುರಿದೆ. ಅದೇ ಆಕಾರದ ಸ್ಟೀಲಿನದು ಸಿಗುತ್ತದೆ, ಅದು ತಗೋ. ಹಗಲು ಬಾಯಿ ನೀರಿನೊಳಗೆ ಇರಲಿ, ಮೇಲ್ಮೈ ಮೆಲ್ಲಗೆ ಅಲೆಯಾದರೆ ಸಾಕು. ಜೋರಾಗಿ ಕಲಕಿದರೆ ಸಿಓಟು ಹಾರಿಹೋಗುತ್ತದೆ. ನೀರು ಒಳಗೆಳೆಯುವ ಬಾಯಿಗೆ ಸ್ಪಾಂಜ್ ಅಥವಾ ಸಣ್ಣ ಸ್ಟೀಲ್ ಜಾಲರಿ ಹಾಕಲೇಬೇಕು, ಇಲ್ಲದಿದ್ದರೆ ಸೀಗಡಿ ಮರಿಗಳೆಲ್ಲ ಡಬ್ಬದೊಳಗೆ ಸಂಸಾರ ಮಾಡುತ್ತವೆ.

ಟ್ಯೂಬಿನೊಳಗೇ ಸಿಓಟು ಸಣ್ಣ ಗುಳ್ಳೆಯಾಗಿ ಬೆರೆಸುವ ಇನ್‌ಲೈನ್ ಡಿಫ್ಯೂಸರ್ ಹಾಕುವುದಾದರೆ ಹೊರಗೆ ಹೋಗುವ ಟ್ಯೂಬಿಗೆ ಹಾಕು. ಕೊಳ್ಳುವ ಮೊದಲು ಟ್ಯೂಬಿನ ಅಳತೆ ನೋಡು. 12/16 ಅಂದರೆ ಒಳಗೆ 12 ಮಿಲಿಮೀಟರ್, ಹೊರಗೆ 16. ಇನ್ನೊಂದು 16/22. ಪೈಪ್, ಟ್ಯಾಪ್, ಡಿಫ್ಯೂಸರ್ ಎಲ್ಲವೂ ಒಂದೇ ಅಳತೆ ಆಗಬೇಕು. ಪ್ರತಿ ಜೋಡಣೆಗೂ ಕ್ಲಾಂಪ್ ಬಿಗಿ. ಹೊರಗಿನ ಟ್ಯೂಬ್ ಕಳಚಿದರೆ ಪಂಪು, ಒಳಗೆಳೆಯುವ ಬಾಯಿಯ ಮಟ್ಟದವರೆಗೂ ಟ್ಯಾಂಕ್ ಖಾಲಿ ಮಾಡಿ ನೆಲಕ್ಕೆ ಸುರಿಯುತ್ತದೆ. ನೀರು 22 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಹೀಟರ್ ಯೋಚನೆಯೇ ಬೇಡ.

ಭಾವ ಕರೆಂಟ್ ಹೋದರೆ ಏನು ಗತಿ ಅಂತ ಕೇಳಿದ್ದರು. ಒಂದೆರಡು ಗಂಟೆ ಆದರೆ ಏನೂ ಇಲ್ಲ ಭಾವ, ತಾನೇ ಮತ್ತೆ ಶುರುವಾಗುತ್ತದೆ. ಇಡೀ ದಿನ ನಿಂತರೆ ಮುಚ್ಚಿದ ಡಬ್ಬದೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ, ನೀರು ನಾರುತ್ತದೆ. ಆಗ ನೇರವಾಗಿ ಆನ್ ಮಾಡಲು ಬಿಡಬೇಡಿ. ಆ ಕೊಳೆತ ನೀರು ಮೀನುಗಳ ಮೇಲೆ ಹೋಗುತ್ತದೆ. ಪ್ಲಗ್ ತೆಗೆದಿಡಿ, ಬಿಚ್ಚಿ, ನೀರು ಚೆಲ್ಲಿ, ಟ್ಯಾಂಕಿನ ನೀರಿನಲ್ಲಿ ತೊಳೆದು ಆಮೇಲೆ ಹಾಕಿ.

ಪುಟ್ಟಾ, ಈಗ ನೀನು ಒಂದು ಕೆಲಸ ಮಾಡು. ಟೇಪ್ ಹಿಡಿದು ಕ್ಯಾಬಿನೆಟ್ ಒಳಗಿನ ಎತ್ತರ ಅಳೆದು ಇಲ್ಲಿ ಹಾಕು. ಫಿಲ್ಟರ್ ಎತ್ತರದ ಮೇಲೆ ಟ್ಯೂಬ್ ಮಡಚದೆ ಬಾಗಲು, ಮುಚ್ಚಳ ಎತ್ತಲು ಒಂದು ಗೇಣು ಜಾಗ ಬೇಕು. ಅದು ಸಾಲದಿದ್ದರೆ 1500 ಲೀಟರಿನ ಆ ಎತ್ತರದ ಡಬ್ಬ ಹಿಡಿಸುವುದಿಲ್ಲ. ಆಗ 1000ದ್ದೇ ತಗೊಂಡು, ಎದುರು ಮೂಲೆಯಲ್ಲಿ ಒಂದು ಸಣ್ಣ ಸರ್ಕ್ಯುಲೇಶನ್ ಪಂಪ್ ಕೂರಿಸೋಣ.