ಪದ ಬೇಕು: ಡ್ರೋನ್ ಫೋಟೋದ ‘ನಾಯ್ಸ್’, ‘ಶಾರ್ಪ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆಲ್ಲ ನಮಸ್ಕಾರ.

ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಣ್ಣ ಕ್ಯಾಮೆರಾ ಡ್ರೋನುಗಳಲ್ಲಿ ತೆಗೆದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಅಧ್ಯಾಯಕ್ಕೆ ಬಂದು ನಿಂತಿದ್ದೇನೆ. ವಿಡಿಯೊ ಮಾತಿಲ್ಲ, ಬರೀ ಫೋಟೋ. ನಾಳೆ ಸಂಜೆಯೊಳಗೆ ಪುಟಗಳು ಪ್ರೆಸ್‌ಗೆ ಹೋಗಬೇಕು.

ಬೆಳಕು ಸಾಲದ ಫೋಟೋದಲ್ಲಿ ಏಳುವ ಸಣ್ಣ ಸಣ್ಣ ಚುಕ್ಕೆಗಳಿಗೆ ‘ನಾಯ್ಸ್’ ಎನ್ನುತ್ತಾರಲ್ಲ, ಅದಕ್ಕೆ ‘ಗದ್ದಲ’ ಎಂದು ಹಾಕಿದ್ದೆ. ಆದರೆ ಅದೇ ಪುಟದಲ್ಲಿ ಡ್ರೋನ್ ರೆಕ್ಕೆಗಳ ಸದ್ದಿನ ವಿಷಯವೂ ಬರುತ್ತದೆ. ಮಿನಿ 2 ಎಂಬ ಡ್ರೋನ್ ಬಗ್ಗೆ ‘ಮಿನಿ 2ರಲ್ಲಿ ಗದ್ದಲ ಜಾಸ್ತಿ’ ಎಂದು ಬರೆದರೆ ಫೋಟೋದ್ದೋ ರೆಕ್ಕೆಯದ್ದೋ ತಿಳಿಯುವುದಿಲ್ಲ.

‘ಶಾರ್ಪ್’ಗೆ ತೀಕ್ಷ್ಣ, ಸ್ಪಷ್ಟ, ಸ್ಫುಟ, ನಿಚ್ಚಳ ಎಲ್ಲ ಗೊತ್ತು. ತೊಡಕಿರುವುದು ಈ ವಾಕ್ಯದಲ್ಲಿ: ‘48 ಮೆಗಾಪಿಕ್ಸೆಲ್ ಫೋಟೋ ಶಾರ್ಪ್ ಆಗಿ ಕಾಣುತ್ತದೆ, ಆದರೆ 12ರ ಫೋಟೋಗಿಂತ ಡೀಟೇಲ್ ಅಷ್ಟೇನೂ ಹೆಚ್ಚಿಲ್ಲ.’ ಎರಡಕ್ಕೂ ‘ಸ್ಪಷ್ಟತೆ’ ಎಂದರೆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ದಯವಿಟ್ಟು ಬೇಗ ತಿಳಿಸಿ.

ಮರುಓಲೆ, ಮೈಸೂರಿನಿಂದ

ನಾಯ್ಸ್: ಕ್ಷೋಭೆ. ಶಾರ್ಪ್‌ನೆಸ್: ತೀಕ್ಷ್ಣತೆ. ಡೀಟೇಲ್: ಸೂಕ್ಷ್ಮವಿವರ. ಪಾರಿಭಾಷಿಕ ಪದಗಳನ್ನು ಪ್ರತಿ ಸಲ ಹೊಸದಾಗಿ ಹುಡುಕುತ್ತಾ ಕೂತರೆ ಯಾವ ಪದವೂ ನೆಲೆ ನಿಲ್ಲುವುದಿಲ್ಲ. ಇವನ್ನೇ ಬಳಸಿ.

ಮರುಓಲೆ, ಶಿರಸಿಯಿಂದ

‘ಕ್ಷೋಭೆ’ ಬೇಡ. ಕೈಪಿಡಿ ಓದುವವರು ಮದುವೆ ಫೋಟೋ ತೆಗೆಯುವ ಹುಡುಗರು. ಅವರ ಬಾಯಿಗೆ ಆ ಪದ ಹತ್ತುವುದಿಲ್ಲ.

ನಾನು ಸ್ಟುಡಿಯೊ ನಡೆಸುವವನು. ಫಿಲ್ಮ್ ಕಾಲದಿಂದ ನಮ್ಮಲ್ಲಿ ‘ಕಾಳು’ ಎನ್ನುತ್ತೇವೆ. ‘ಫೋಟೋ ಕಾಳುಕಾಳಾಗಿದೆ’ ಎಂದರೆ ಗಿರಾಕಿಗೂ ತಿಳಿಯುತ್ತದೆ. ಸದ್ದಿನ ಜೊತೆ ಗೊಂದಲವೂ ಇಲ್ಲ.

ಶಾರ್ಪ್ ಮತ್ತು ಡೀಟೇಲ್ ಬೇರೆ ಬೇರೆ ಎಂದು ನೀವು ಗುರುತಿಸಿದ್ದು ತುಂಬ ಸರಿ. ಡ್ರೋನ್ ಫೋಟೋ ಹೋಲಿಸುವವರು ಎಡವುವುದೇ ಅಲ್ಲಿ. ಬೇಕಾದರೆ ಹೀಗೆ ಮಾಡಿ ನೋಡಿ. ಬಿಸಿಲು ಇಳಿದ ಮೇಲೆ ಅಡಿಕೆ ತೋಟದ ಮೇಲೆ ಡ್ರೋನ್ ಏರಿಸಿ, ಕ್ಯಾಮೆರಾ ನೇರ ಕೆಳಕ್ಕೆ ತಿರುಗಿಸಿ ಒಂದು ಫೋಟೋ ತೆಗೆಯಿರಿ. ಕ್ಯಾಮೆರಾ ತಾನೇ ತಿದ್ದಿ ಕೊಡುವ ಜೆಪೆಗ್, ತಿದ್ದದೆ ಹಾಗೇ ಉಳಿಸುವ ರಾ, ಎರಡೂ ಫೈಲ್ ಇರಲಿ. ಕಂಪ್ಯೂಟರಿನಲ್ಲಿ ಪೂರ್ತಿ ಅಳತೆಗೆ ದೊಡ್ಡದು ಮಾಡಿ. ಜೆಪೆಗ್‌ನಲ್ಲಿ ಸೋಗೆಯ ಹೊರ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗಿರುತ್ತದೆ. ಕಪ್ಪು ನೆಲ ತಾಗುವ ಕಡೆ ಅಂಚಿನುದ್ದಕ್ಕೂ ತೆಳ್ಳನೆಯ ಬಿಳಿ ಗೆರೆ. ಒಳಗಿನ ಗರಿಗಳು ಮಾತ್ರ ಒಂದಕ್ಕೊಂದು ಅಂಟಿ ಹಸಿರು ಮುದ್ದೆಯಾಗಿರುತ್ತವೆ. ಕಾಳು ಕಾಣಬಾರದೆಂದು ಕ್ಯಾಮೆರಾ ಒರೆಸಿದೆ. ಒರೆಸುವಾಗ ಗರಿಯೂ ಹೋಗಿದೆ. ಆಮೇಲೆ ಉಳಿದ ಅಂಚಿಗೆ ಮೊನಚು ಕೊಟ್ಟಿದೆ. ಈಗ ರಾ ಫೈಲ್ ತೆರೆಯಿರಿ. ಅಂಚು ಮೆತ್ತಗೆ, ಕಾಳು ಜಾಸ್ತಿ. ಆದರೆ ಗರಿ ಬಿಡಿಬಿಡಿಯಾಗಿ ಕಾಣುತ್ತದೆ.

ಹಾಗಾಗಿ ಶಾರ್ಪ್‌ಗೆ ‘ಮೊನಚು’ ಎನ್ನಿ. ಮೊನಚನ್ನು ಆಮೇಲೂ ಕೊಡಬಹುದು. ಡೀಟೇಲ್‌ಗೆ ‘ವಿವರ’ ಸಾಕು, ‘ಸೂಕ್ಷ್ಮ’ ಬೇಕಿಲ್ಲ. ಲೆನ್ಸು, ಅದರ ಹಿಂದೆ ಬೆಳಕು ಹಿಡಿಯುವ ಸೆನ್ಸರು ಹಿಡಿಯದೇ ಇದ್ದ ವಿವರವನ್ನು ಆಮೇಲೆ ತರಲು ಆಗುವುದಿಲ್ಲ.

48ರ ವಾಕ್ಯವೂ ಸರಿ ಇದೆ. ಮ್ಯಾವಿಕ್ ಏರ್ 2, ಮಿನಿ 3 ಪ್ರೊ, ಮಿನಿ 4 ಪ್ರೊ, ಈ ಮೂರು ಡ್ರೋನುಗಳ ಸೆನ್ಸರಿನಲ್ಲೂ ಅಕ್ಕಪಕ್ಕದ ನಾಲ್ಕು ಚುಕ್ಕಿಗಳಿಗೆ (ಪಿಕ್ಸೆಲ್‌ಗಳಿಗೆ) ಒಂದೇ ಬಣ್ಣದ ಫಿಲ್ಟರ್ ಇರುತ್ತದೆ. ನಾಲ್ಕನ್ನೂ ಕೂಡಿಸಿದರೆ 12 ಮೆಗಾಪಿಕ್ಸೆಲ್. ಬಿಡಿಸಿ ಕೊಟ್ಟರೆ 48, ಆದರೆ ನಡುವಿನ ಬಣ್ಣವನ್ನು ಊಹಿಸಿಯೇ ತುಂಬಬೇಕು. ಮಧ್ಯಾಹ್ನದ ಬಿಸಿಲಲ್ಲಿ ಸ್ವಲ್ಪ ಲಾಭ ಇದೆ, ನಾಲ್ಕು ಪಟ್ಟು ಅಲ್ಲ. ಸಂಜೆ ಹೊತ್ತಾದರೆ ಸುಮ್ನೆ ಫೈಲ್ ದೊಡ್ಡದಾಗುತ್ತದೆ ಅಷ್ಟೆ.

ಮರುಓಲೆ, ದಾವಣಗೆರೆಯಿಂದ

‘ಕಾಳು’ ಒಪ್ಪಿದೆ. ‘ನೊರಜು’ ಇನ್ನೂ ಚೆನ್ನ. ನೊರಜುಗಲ್ಲು ಎನ್ನುತ್ತೇವಲ್ಲ, ಸಣ್ಣ ಸಣ್ಣ ಕಲ್ಲು. ಹಾರುವ ಸಣ್ಣ ಹುಳಕ್ಕೂ ಇದೇ ಹೆಸರು. ಚಿಕ್ಕದು, ಚದುರಿದ್ದು, ಕಣ್ಣಿಗೆ ಕಿರಿಕಿರಿ ಮಾಡುವಂಥದ್ದು, ಮೂರೂ ಒಂದೇ ಪದದಲ್ಲಿ ಸಿಗುತ್ತವೆ.

‘ಮೊನಚು’ ಬಂದದ್ದು ‘ಮೊನೆ’ಯಿಂದ. ನಮ್ಮದೇ ಪದ, ಅದನ್ನು ಬಿಡಬೇಡಿ. ಆದರೆ ‘ವಿವರ’ ಯಾಕೆ? ಅದು ಸಕ್ಕದ, ಅಂದರೆ ಸಂಸ್ಕೃತದ್ದು. ನಮ್ಮಲ್ಲಿ ‘ಎಳೆ’ ಇದೆ. ‘ಎಳೆಎಳೆಯಾಗಿ ಬಿಡಿಸಿ ಹೇಳು’ ಎಂದು ದಿನಾ ಆಡುತ್ತೇವೆ. ‘ಈ ತಿಟ್ಟದಲ್ಲಿ ಎಳೆ ಕಡಿಮೆ’ ಎಂದರೆ ಯಾರಿಗೆ ತಿಳಿಯುವುದಿಲ್ಲ?

ಇನ್ನು ‘ಡ್ರೋನ್’. ಇಂಗ್ಲಿಶಿನಲ್ಲಿ ಅದು ಗಂಡು ಜೇನಿನ ಹೆಸರು. ಅವರು ತಮ್ಮ ಮನೆಯ ಪದವನ್ನೇ ಹೊಸ ಕೆಲಸಕ್ಕೆ ಹಚ್ಚಿದರು. ನಾವು ಮಾತ್ರ ಅವರದ್ದನ್ನು ಎತ್ತಿಕೊಳ್ಳಬೇಕೆ? ‘ಹಾರುಗಣ್ಣು’ ಎನ್ನಿ. ಕನ್ನಡದ ಬೇರುಗಳಿಂದಲೇ ಹೊಸ ಪದ ಕಟ್ಟಬಹುದು ಎಂದು ಡಿ.ಎನ್. ಶಂಕರ ಭಟ್ಟರು ಅಶ್ಟು ಬರೆದದ್ದು ಇಂತಹ ಹೊತ್ತಿಗೇ ಅಲ್ವಾ?

ಮರುಓಲೆ, ಮೈಸೂರಿನಿಂದ

‘ನೊರಜು’ ಹುಳವೂ ಹೌದು ಎಂದು ನೀವೇ ಹೇಳಿದಿರಿ. ಅಲ್ಲಿಗೆ ಅದು ಬಿತ್ತು.

‘ಕಾಳು’ ಕೂಡ ತಪ್ಪು. ಫಿಲ್ಮಿನಲ್ಲಿ ಕಾಣುತ್ತಿದ್ದುದು ನಿಜವಾದ ಬೆಳ್ಳಿಯ ಕಣ. ಸೆನ್ಸರಿನಲ್ಲಿ ಕಣ ಎಲ್ಲಿದೆ? ಬೆಳಕು ಸಾಲದಾಗ ಚುಕ್ಕಿಯಿಂದ ಚುಕ್ಕಿಗೆ ಲೆಕ್ಕ ಏರುಪೇರಾಗುತ್ತದೆ. ಏರುಪೇರಿಗೆ ಕ್ಷೋಭೆ ಎಂದೇ ಹೇಳಬೇಕು.

ಮರುಓಲೆ, ಶಿರಸಿಯಿಂದ

ಕಣ್ಣಿಗೆ ಎರಡೂ ಕಾಳಾಗಿಯೇ ಕಾಣುತ್ತವೆ. ಹೆಸರಿಡುವುದು ಕಣ್ಣಿಗೆ ಕಂಡದ್ದಕ್ಕೆ.

ಒಂದು ಮಾತು ಬಿಟ್ಟುಹೋಗಿತ್ತು. ‘ಒಂದು ಇಂಚಿನ ಸೆನ್ಸರ್’ ಎಂದು ಬರೆದಿದ್ದರೆ ಪಕ್ಕದಲ್ಲಿ ಮಿಲಿಮೀಟರ್ ಅಳತೆ ಕೊಡಿ. ಏರ್ 2ಎಸ್‌ನ ಸೆನ್ಸರ್ 13.2 × 8.8 ಮಿ.ಮೀ. ಮೂಲೆಯಿಂದ ಮೂಲೆಗೆ ಅಳೆದರೂ 16 ಮಿ.ಮೀ. ಆಗುವುದಿಲ್ಲ. ಇಂಚಿಗೆ 25.4 ಮಿ.ಮೀ. ಆ ಇಂಚು ಹಳೆಯ ಟಿ.ವಿ. ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆ. ಕೊಳವೆ ಹೋಯಿತು, ಹೆಸರು ಉಳಿಯಿತು. ಮಿನಿ 2ರದ್ದು 1/2.3 ಇಂಚು, ಅಂದರೆ ಸುಮಾರು 6.2 × 4.6 ಮಿ.ಮೀ. ವಿಸ್ತೀರ್ಣ ಲೆಕ್ಕ ಹಾಕಿ, ಏರ್ 2ಎಸ್‌ನದು ನಾಲ್ಕು ಪಟ್ಟು. ಸಂಜೆ ಹೊತ್ತು ಒಂದರಲ್ಲಿ ಕಾಳು ಏಳುವುದು, ಇನ್ನೊಂದರಲ್ಲಿ ಏಳದಿರುವುದು ಬಹುಮಟ್ಟಿಗೆ ಇದರಿಂದಲೇ. ಮೆಗಾಪಿಕ್ಸೆಲ್ ಮಾತು ಅದರ ಮುಂದೆ ಸಣ್ಣದು.

ಮರುಓಲೆ, ಬೆಂಗಳೂರಿನಿಂದ

‘ಡ್ರೋನ್’ ಅನ್ನು ಅದರ ಪಾಡಿಗೆ ಬಿಡಿ. ಹೊಲಕ್ಕೆ ಔಷಧಿ ಹೊಡೆಸುವ ರೈತರೂ ಡ್ರೋನ್ ಎನ್ನುತ್ತಾರೆ. ಕಾನೂನಿನಲ್ಲೂ ಅದೇ ಹೆಸರು, 2021ರ ಡ್ರೋನ್ ನಿಯಮಗಳು. 250 ಗ್ರಾಂವರೆಗಿನದು ಅಲ್ಲಿ ‘ನ್ಯಾನೊ’. 249 ಗ್ರಾಂನ ಮಿನಿ 2 ಅದರಲ್ಲಿ ಬರುತ್ತದೆ, 595 ಗ್ರಾಂನ ಏರ್ 2ಎಸ್ ಬರುವುದಿಲ್ಲ. ಕೈಪಿಡಿ ಓದಿದವರು ನಾಳೆ ನಿಯಮವನ್ನೂ ಓದಬೇಕು. ಇಲ್ಲಿ ‘ಹಾರುಗಣ್ಣು’, ಅಲ್ಲಿ ‘ಡ್ರೋನ್’ ಎಂದರೆ ಅವರಿಗೆ ಕಷ್ಟ.

ಅಲಮಾರು ಪೋರ್ಚುಗೀಸರಿಂದ ಬಂದದ್ದು. ಕಾಗದ, ಅರ್ಜಿ ಪಾರಸಿ, ಅರಬ್ಬಿ ಕಡೆಯವು. ಇವುಗಳಿಂದ ಕನ್ನಡ ಬಡವಾಯಿತೇ?

ಮರುಓಲೆ, ದಾವಣಗೆರೆಯಿಂದ

ಅವು ಬಂದದ್ದು ಬಾಯಿಂದ ಬಾಯಿಗೆ. ಬರುವಾಗ ನಮ್ಮ ನಾಲಿಗೆಗೆ ತಕ್ಕಂತೆ ಮಾರ್ಪಟ್ಟು ಬಂದವು. ಈಗ ಪೆಟ್ಟಿಗೆಯ ಮೇಲಿನ ಚೀಟಿ ನೋಡಿ ಹಾಗೇ ಬರೆದುಕೊಳ್ಳುತ್ತಿದ್ದೇವೆ. ಎರಡೂ ಒಂದೇ ಅಲ್ಲ. ‘ಡ್ರೋನ್’ ಒಂದನ್ನು ಬಿಟ್ಟುಕೊಟ್ಟೇನು. ಆದರೆ ‘ಸೆನ್ಸರ್’, ‘ಫಿಲ್ಟರ್’, ‘ಡೀಟೇಲ್’, ‘ಶಾರ್ಪ್’ ಎಲ್ಲವನ್ನೂ ಬಿಟ್ಟುಕೊಟ್ಟರೆ ಆ ಅದ್ಯಾಯದಲ್ಲಿ ಕನ್ನಡದ್ದು ಎಂದು ಉಳಿಯುವುದು ‘ಇದೆ’, ‘ಇಲ್ಲ’, ‘ಆಗುತ್ತದೆ’ ಮಾತ್ರ.

ಮರುಓಲೆ, ಮೊದಲು ಕೇಳಿದವರಿಂದ

ಎಲ್ಲರಿಗೂ ತುಂಬ ಧನ್ಯವಾದ. ‘ಕಾಳು’, ‘ಮೊನಚು’, ‘ವಿವರ’ ಎಂದು ಹಾಕಿದ್ದೇನೆ. ಮೊದಲ ಸಲ ಬರುವಲ್ಲಿ ಮಾತ್ರ ‘ನಾಯ್ಸ್ ಎಂದು ಕರೆಯುವ ಕಾಳು’ ಎಂದಿದೆ. ‘ಎಳೆ’ ನನಗೂ ಇಷ್ಟವಾಯಿತು. ಆದರೆ ಹೋಲಿಕೆಯಲ್ಲಿ ಹೆಂಚು, ಗೋಡೆ, ಕಲ್ಲುಬಂಡೆಯ ಫೋಟೋಗಳೂ ಇವೆ, ಅಲ್ಲಿ ಎಳೆ ಎನ್ನಲು ಬರುವುದಿಲ್ಲ. ತೋಟದ ಫೋಟೋದ ಕೆಳಗೆ ‘ಗರಿಗಳು ಎಳೆಎಳೆಯಾಗಿ ಕಾಣುತ್ತವೆ’ ಎಂದು ಬರೆದಿದ್ದೇನೆ. ಡ್ರೋನ್, ಸೆನ್ಸರ್ ಹಾಗೇ ಉಳಿದಿವೆ. ಇಂಚಿನ ಪಕ್ಕ ಮಿಲಿಮೀಟರ್ ಅಳತೆ ಸೇರಿದೆ.

ಒಂದು ಪದ ಇನ್ನೂ ಬಾಕಿ ಇದೆ, ‘ಡೈನಾಮಿಕ್ ರೇಂಜ್’. ಮೋಡ ಬೆಳ್ಳಗೆ ಹೊಡೆದುಹೋಗದೆ, ಮರದ ಬುಡದ ನೆರಳೂ ಕಪ್ಪಾಗದೆ ಒಂದೇ ಫೋಟೋದಲ್ಲಿ ಎರಡೂ ಉಳಿಯುವ ಗುಣ. ಸದ್ಯಕ್ಕೆ ‘ಬೆಳಕಿನ ಹರವು’ ಎಂದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ನಾಳೆ ಮಧ್ಯಾಹ್ನದೊಳಗೆ ಕಳಿಸಿ, ಬದಲಿಸುತ್ತೇನೆ.